ಬದಲಾದ ಕಂಬಳಿ

"ಅಲ್ಲಿರಾದು ನಮ್ಮವ್ವನ ಕಂಬ್ಳಿ ಅಲ್ಲ ಕಣಕ್ಕ. ಯಾರೋ ಬದಲಾಯ್ಸಿ ಇಟ್ಟವ್ರೆ!"

ಕುರಿಗಾಹಿ ಪಾಲಯ್ಯ ಕಮಲಮ್ಮನವರ ಜಗಲಿಯ ಮೇಲೆ ಕುಸಿದು ಕುಳಿತ. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಹಿರಿಯೂರಿನಲ್ಲಿದ್ದ ಕಮಲಮ್ಮನವರಿಗೆ ಬಿಡುವೆಂಬುದು ಸಿಕ್ಕಿರಲೇ ಇಲ್ಲ. ಕಳವು, ಕಾಣೆ ಎಂದು ಜನ ಬರುತ್ತಲೇ ಇದ್ದರು. ಪಕ್ಕದ ಮನೆಯ ಮೀನಾಕ್ಷಿ ಎಂದಿನಂತೆ ಸ್ಕೂಟರ್ ಹೊರತೆಗೆದಳು.

ಹತ್ತಿರದ ಆದಿವಾಲದ ಬಳಿ ಲೇಖಕಿ ಹೇಮಾವತಿಯವರ ಕಾದಂಬರಿ ಸಿನಿಮಾ ಆಗುತ್ತಿತ್ತು. ನಾಯಕಿ ಹೊದೆಯಲೆಂದು ನಿರ್ದೇಶಕ ಮಾರುತೇಶ್ ಕೇಳಿಕೊಂಡಾಗ, ತೀರಿಹೋದ ತಾಯಿ ತಿಪ್ಪಮ್ಮನ ಕರಿ ಕಂಬಳಿಯನ್ನು ಪಾಲಯ್ಯ ನಂಬಿ ಕೊಟ್ಟಿದ್ದ. ಆ ಸಂಜೆ ನೋಡಿಬರಲು ಹೋದರೆ ಚಿತ್ರತಂಡದ ಬಟ್ಟೆ ಪೆಟ್ಟಿಗೆಯಲ್ಲಿ ಬೇರೆಯದೇ ಇತ್ತು.

ಚಿತ್ರತಂಡ ಇಳಿದುಕೊಂಡಿದ್ದ ತೋಟದ ಮನೆಯಲ್ಲಿ ನಿರ್ಮಾಪಕ ಪ್ರಭುಲಿಂಗ ಕೆಂಡವಾಗಿದ್ದ. "ಇದು ಹೇಮಾವತಿ ಮೇಡಂ ಕೆಲ್ಸನೇ. ನಾಳೆ ಕೊನೇ ದೃಶ್ಯದಾಗೆ ಕಂಬ್ಳಿ ಸುಡ್ಬೇಕು ಅಂದೆ, ಅದಕ್ಕೆ ಸಿಟ್ಟು. ಸಂಜೆ ಹೊಸದುರ್ಗದಿಂದ ಬಂದೋರು ಪೆಟ್ಗೆ ಹತ್ರ ಒಬ್ರೇ ಕುಂತಿದ್ರು."

"ಸುಡಾದಾ?" ಎಂದ ಪಾಲಯ್ಯ.

"ಪುಸ್ತಕದಾಗೆ ನಾಯಕಿ ಅದನ್ನ ಸುಡಲ್ಲ. ತಬ್ಬಲಿ ಕುರಿಮರಿಗೆ ಹೊದಿಸ್ತಾಳೆ," ಎಂದರು ಹೇಮಾವತಿ.

"ಅದಕ್ಮುಂಚೆ ಎಲ್ಡು ಪುಟ ಯೋಚ್ನೆ ಮಾಡ್ತಾಳಲ್ಲ! ತೆರೆ ಮ್ಯಾಲೆ ಯೋಚ್ನೆ ಹೆಂಗ್ ತೋರ್ಸಾದು? ಬೆಂಕಿ ಆದ್ರೆ ಜನ ನೋಡ್ತಾರೆ," ಎಂದ ಪ್ರಭುಲಿಂಗ.

ಕಮಲಮ್ಮ ಪೆಟ್ಟಿಗೆಯಲ್ಲಿದ್ದ ಕಂಬಳಿಯನ್ನು ಕೆನ್ನೆಗೆ ಒತ್ತಿಕೊಂಡರು. ನೇಯುವಾಗ ಹಚ್ಚಿದ ಹುಣಸೆ ಬೀಜದ ಗಂಜಿ ಇನ್ನೂ ಬಿಟ್ಟಿರಲಿಲ್ಲ, ಹೊಸದು, ಒರಟು.

"ನಿಮ್ಮವ್ವಂದು ಹೆಂಗಿತ್ತು?"

"ಹೊದ್ದು ಹೊದ್ದು ಬೆಣ್ಣೆ ಆಗಿತ್ತಕ್ಕ."

ಅತ್ತ ನಾಯಕಿ ಮೋನಿಕಾ ಕತ್ತಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿರುವುದನ್ನು ಕಂಡು ಮೀನಾಕ್ಷಿ ವಿಚಾರಿಸಿದಳು.

"ಕಂಬಳಿ ಚುಚ್ಚಿ ಉರೀತಿದೆ ಆಂಟಿ. ಇಷ್ಟು ದಿನ ಏನೂ ಆಗಿರಲಿಲ್ಲ. ಇವತ್ತು ಬೆಳಿಗ್ಗೆ ಡೈರೆಕ್ಟರ್ ಸಾರೇ ತಂದು ಹೊದಿಸಿ ದೃಶ್ಯ ಹೇಳ್ಕೊಟ್ರು. ಮಧ್ಯಾಹ್ನಕ್ಕೆಲ್ಲ ಕತ್ತು ಕೆಂಪಾಗಿತ್ತು."

ಮೀನಾಕ್ಷಿ ಬಂದು ಹೇಳಿದ್ದೇ ತಡ, ಕಮಲಮ್ಮ ಎಲ್ಲರನ್ನೂ ಅಂಗಳಕ್ಕೆ ಕರೆಸಿದರು.

"ಕುಂತ್ಕಳ್ರಿ. ಬೆಣ್ಣೆಯಂಥ ಕಂಬ್ಳಿ ಕತ್ತು ಚುಚ್ಚಲ್ಲ. ಅಂದ್ರೆ ಬೆಳಿಗ್ಗೆ ಈ ಹುಡುಗಿ ಹೆಗಲ ಮ್ಯಾಲಿದ್ದಿದ್ದೇ ಹೊಸದು. ಹೇಮಾವತಿಯವ್ರು ಬಂದಿದ್ದು ಸಂಜೆ, ಅವ್ರಲ್ಲ. ಆಸೆಗೆ ಕದ್ದೋನಾಗಿದ್ರೆ ಪೆಟ್ಗೆ ಖಾಲಿ ಬಿಟ್ಟು ಹೋಗ್ತಿದ್ದ. ಇವನು ಸುಡಾಕೆ ಒಂದು ಬೇಕು ಅಂತ ಹೊಸದು ತಂದಿಟ್ಟವ್ನೆ. ಹಳೇದು ಉಳೀಲಿ ಅಂತ. ಬೆಳಿಗ್ಗೆ ಅದನ್ನ ತಂದು ಹೊದಿಸಿದ್ದು ಯಾರು, ಮಾರುತೇಶಪ್ಪ?"

ಮಾರುತೇಶ್ ತಲೆ ತಗ್ಗಿಸಿದ. ಒಳಗೆ ಹೋಗಿ, ಬಿಳಿ ಪಂಚೆಯಲ್ಲಿ ಸುತ್ತಿಟ್ಟಿದ್ದ ತಿಪ್ಪಮ್ಮನ ಕಂಬಳಿ ತಂದು ಪಾಲಯ್ಯನ ಮಡಿಲಲ್ಲಿಟ್ಟ.

"ನಿರ್ಮಾಪಕರಿಗೆ ಎದುರಾಡಾಕೆ ಧೈರ್ಯ ಸಾಲ್ಲಿಲ್ಲ. ಇದನ್ನ ಸುಡಾಕೂ ಮನ್ಸು ಬರ್ಲಿಲ್ಲ. ಮೇಡಂ ಮ್ಯಾಲೆ ಅಪವಾದ ಬಂದಾಗ್ಲೂ ಬಾಯಿ ಬಿಡ್ಲಿಲ್ಲ. ಕ್ಷಮಿಸ್ರಿ."

ಪಾಲಯ್ಯ ಕಂಬಳಿಯಲ್ಲಿ ಮುಖ ಹುದುಗಿಸಿ ಬಿಕ್ಕಿದ. ಮೀನಾಕ್ಷಿಯ ಕಣ್ಣೂ ಮಂಜಾಯಿತು.

ಹೇಮಾವತಿ ಎದ್ದು ಬಂದರು. "ಪ್ರಭುಲಿಂಗ ಹೇಳಿದ್ರಾಗೂ ನಿಜ ಐತೆ. ನನ್ನ ಎರಡು ಪುಟ ಕಿತ್ತಾಕು ಮಾರುತೇಶ. ಒಂದು ಮಾತೂ ಬ್ಯಾಡ. ಮರಿಗೆ ಹೊದಿಸೋ ಅವಳ ಕೈ ತೋರ್ಸು, ಸಾಕು."

ಪ್ರಭುಲಿಂಗ ಕಂಬಳಿ ತಬ್ಬಿ ಕುಳಿತಿದ್ದ ಪಾಲಯ್ಯನನ್ನು ನೋಡಿದ. "ಹಂಗೇ ತೆಗೀರಿ," ಎಂದ.

"ಮರಿಗಾದ್ರೆ ನಮ್ಮವ್ವಂದೇ ಹೊದಿಸ್ರಿ," ಎಂದ ಪಾಲಯ್ಯ.

ಮರುದಿನ ಬೆಳಿಗ್ಗೆ ಆ ದೃಶ್ಯ ಒಂದೇ ಸಲಕ್ಕೆ ಸರಿಬಂತು. ಹೇಮಾವತಿ ಮಾರುತೇಶನ ಎರಡೂ ಕೈ ಹಿಡಿದುಕೊಂಡರು.

"ನನ್ನ ಪುಸ್ತಕನ ಇಷ್ಟು ಮನ್ಸಿಟ್ಟು ಓದಿದ್ಯಲ್ಲಪ್ಪ. ಈ ಋಣ ಹೆಂಗ್ ತೀರಿಸ್ಲಿ?"