ಗೋಡೆ ದಾಟಿ ಬಂದ ವೈರು

“ಇಸ್ತ್ರಿ ಪೆಟ್ಟಿಗೆ ಹಾಕಿದ್ದು ಯಾರು?”

ಪಕ್ಕದ ಮನೆಯ ಅಡಿಸ ನನ್ನ ಜೊತೆ ಆಡಿದ ಮೊದಲ ಮಾತು ಅದು. ಅವನ ಜನರೇಟರಿನಿಂದ ಕಾಂಪೌಂಡ್ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಒಂದು ವೈರು ಬರುತ್ತಿತ್ತು. ಅಮ್ಮ ಕೇಳಿ ಎಳೆಸಿಕೊಂಡಿದ್ದು. ನಾನು ಮಾಡಿ ಮಾರುವ ಕೇಕುಗಳಿರುವ ಫ್ರಿಜ್ಜಿಗೆ ಮಾತ್ರ ಎಂಬ ಒಪ್ಪಂದ. ನಾನೋ ಮೊದಲ ದಿನವೇ ಇಸ್ತ್ರಿ ಪೆಟ್ಟಿಗೆ ಸಿಕ್ಕಿಸಿ ಆ ಪುಟ್ಟ ಜನರೇಟರಿನ ಉಸಿರು ನಿಲ್ಲಿಸಿದ್ದೆ.

“ನಾನೇ. ಚರ್ಚಿಗೆ ಹೊತ್ತಾಯ್ತು,” ಎಂದೆ.

“ಬಟ್ಟೆ ಸುಕ್ಕಾಗಿದ್ರೂ ದೇವರು ಒಳಗೆ ಬಿಡ್ತಾನೆ ಬಿಡಿ,” ಎನ್ನುತ್ತ ಅವನು ಮತ್ತೆ ಜನರೇಟರಿನ ಹಗ್ಗ ಎಳೆದ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದು ನನಗೆ ಚೆನ್ನಾಗಿಯೇ ಕಾಣಿಸಿತು.

ನಮ್ಮ ಇಬಾದಾನ್ ಊರಿನಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ, ಬಂದರೆ ಮಾತ್ರ ಬೀದಿಗೆ ಬೀದಿಯೇ ಕೂಗಿ ಸಂಭ್ರಮಿಸುತ್ತದೆ. ಹೋದ ಕೂಡಲೇ ಅಡಿಸ ಗೋಡೆಯಾಚೆಯಿಂದ ನನ್ನ ಹೆಸರು ಹಿಡಿದು ಕರೆಯುತ್ತಿದ್ದ. “ಮೊರೆನಿಕೆ, ಫ್ರಿಜ್ ಆಫ್ ಮಾಡಿದ್ರಾ?” ಏನಾದರೂ ಹಾಕಿದ್ದರೆ ಶುರುವಾಗುವಾಗಲೇ ಜನರೇಟರು ಮುಗ್ಗರಿಸುತ್ತದೆ. “ಮಾಡ್ದೆ” ಎನ್ನುತ್ತಿದ್ದೆ. ಅದರ ಸದ್ದು ಹದಕ್ಕೆ ಬಂದಮೇಲೆ “ಈಗ ಹಾಕಿ” ಎನ್ನುತ್ತಿದ್ದ.

ಕೆಲಸ ಅಷ್ಟೇ. ಆದರೆ ಆ ನೆಪದಲ್ಲಿ ಗೋಡೆಗೆ ಒರಗಿ ನಾವು ಆಡಿದ ಮಾತಿಗೆ ಲೆಕ್ಕವಿಲ್ಲ. ಯಾರ ಮದುವೆಗೆ ಎಂಥ ಕೇಕು, ಅವನ ರೇಡಿಯೋ ಸ್ಟೇಷನ್ನಿನಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟರು, ಎಲ್ಲ. ಕರೆಂಟು ಹೋಗಲಿ ಎಂದು ಕಾಯುವ ಹುಚ್ಚಿ ಇಡೀ ಊರಿಗೆ ನಾನೊಬ್ಬಳೇ ಇದ್ದಿರಬೇಕು.

ಅಮ್ಮನಿಗೆ ಇದರ ವಾಸನೆ ಬಡಿಯಿತು.

“ಇನ್ನೊಬ್ಬರ ಮನೆ ವೈರಲ್ಲಿ ಎಷ್ಟು ದಿನ ಅಂತ ಬದುಕ್ತೀಯೇ? ಓಣಿಯವರು ಆಡ್ಕೊಳ್ತಿದಾರೆ. ಈ ಭಾನುವಾರದೊಳಗೆ ನಮ್ಮದೇ ಏನಾದ್ರೂ ತಗೋ. ತಗೊಳ್ಳದಿದ್ರೂ ಸರಿ, ಆ ವೈರು ಕಿತ್ತುಹಾಕ್ತೀನಿ.”

ಅಮ್ಮ ಹೇಳಿದ್ದು ತಪ್ಪಲ್ಲ. ಆರ್ಡರುಗಳು ಹೆಚ್ಚುತ್ತಿದ್ದವು. ಕ್ರೀಮು ಕರಗಿದರೆ ನನ್ನ ಹೆಸರೇ ಹಾಳು. ನಮಗೆ ನಮ್ಮದೇ ಬೇಕಿತ್ತು. ಆದರೆ ವೈರು ಹೋದರೆ ಅಡಿಸನಿಗೆ ನನ್ನನ್ನು ಕರೆಯಲು ಕಾರಣವೇ ಉಳಿಯುವುದಿಲ್ಲ. ಅದೇ ನನ್ನ ಭಯ.

ಕೊನೆಗೆ ಅವನನ್ನೇ ಕೇಳಿದೆ. “ಒಂದು ಜನರೇಟರ್ ತಗೊಳ್ಳೋಣ ಅಂತಿದೀನಿ.”

“ಪೆಟ್ರೋಲ್ ಕ್ಯೂನಲ್ಲಿ ಯಾವತ್ತಾದ್ರೂ ನಿಂತಿದೀರಾ? ಹೊಗೆ ಬೇರೆ. ನಿಮ್ಮ ಕೇಕೆಲ್ಲ ಅದೇ ವಾಸನೆ ಹೊಡಿಯತ್ತೆ.”

“ಸರಿ, ಇನ್ವರ್ಟರ್?”

“ಬ್ಯಾಟರಿ ಚಾರ್ಜ್ ಆಗೋಕೂ ಕರೆಂಟ್ ಬೇಕಲ್ಲ. ಎಲ್ಲಿದೆ?”

“ಹಾಗಿದ್ರೆ ಸೋಲಾರ್.”

“ಹರ್ಮಟಾನ್ ಗಾಳಿ ಧೂಳು ತಂದಾಗ ದಿನಾ ತಗಡಿನ ಸೂರು ಹತ್ತಿ ಪ್ಯಾನೆಲ್ ಒರೆಸ್ತೀರಾ?”

“ಮತ್ತೇನ್ ತಗೊಳ್ಳಲಿ, ಮೇಣದ ಬತ್ತೀನಾ?”

ಅವನು ಗೋಡೆಯ ಗಾರೆಯನ್ನು ಉಗುರಿನಿಂದ ಕೆರೆಯುತ್ತ, “ಅವಸರ ಏನಿದೆ?” ಎಂದ.

ನನಗೆ ಮೈ ಉರಿಯಿತು. ಒಂದನ್ನು ಒಪ್ಪಿದರೆ ಇವನ ಗಂಟೇನು ಹೋಗುತ್ತದೆ? ತಾನು ಹಗ್ಗ ಎಳೆದರೇ ನಮ್ಮ ಮನೆ ನಡೆಯಬೇಕೆಂಬ ಜಂಬವೇ? ಕೇಕಿನ ಮೇಲೆ ಹೂ ಬಿಡಿಸುವಾಗಲೂ ತಲೆಯಲ್ಲಿ ಅದೇ ಪ್ರಶ್ನೆ ಕೊರೆಯುತ್ತಿತ್ತು.

ಶುಕ್ರವಾರ ಸಂಜೆ ಅಮ್ಮ ಅಲಸಂದೆ ಕಾಳು ರುಬ್ಬಿ ವಡೆ ಕರಿದು, ಅಡಿಸನಿಗೂ ಕೊಟ್ಟು ಬಾ ಎಂದಳು. ಅವನ ಮನೆಯೊಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು.

“ಬನ್ನಿ, ಫ್ಯಾನ್ ಕೆಳಗೆ ಕೂತ್ಕೊಳ್ಳಿ,” ಎಂದ. ನಾನು ಕೂರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಯಾಯಿತು. ಕಿಟಕಿಯಾಚೆ ನಮ್ಮ ಅಡುಗೆಮನೆಯ ದೀಪ ಆರಿತು, ಇಡೀ ಓಣಿ ನಿಟ್ಟುಸಿರು ಬಿಟ್ಟಿತು. ಅಡಿಸ ಅಭ್ಯಾಸದಂತೆ ಜನರೇಟರಿನ ಕಡೆ ಓಡಲು ಎದ್ದ.

ನನ್ನ ತಲೆಯ ಮೇಲೆ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಬಲ್ಬು ರೆಪ್ಪೆಯನ್ನೂ ಬಡಿದಿರಲಿಲ್ಲ.

ನಾನು ಮೇಲೆ ನೋಡಿದೆ. ಅವನೂ ನೋಡಿದ. ಸಿಕ್ಕಿಬಿದ್ದಿದ್ದ.

“ಇನ್ವರ್ಟರ್ ಇದೆಯಾ ನಿಮ್ಮನೇಲಿ?”

“ಇದೆ. ಈಸ್ಟರ್‌ಗೂ ಮುಂಚಿಂದ.”

“ಮತ್ತೆ ದಿನಾ ಆ ಜನರೇಟರ್ ಯಾಕೆ ಓಡಿಸ್ತೀರಿ?”

“ನಿಮ್ಮ ಫ್ರಿಜ್‌ಗೆ.”

“ಬರೀ ಫ್ರಿಜ್‌ಗೆ?”

“ಅದರ ಮೇಲೆ ನನಗೇನೂ ಮೋಹ ಇಲ್ಲ.” ಅವನು ಬಾಗಿಲಿನ ಚಿಲಕ ಹಿಡಿದೇ ನಿಂತಿದ್ದ. ಕಿವಿಯವರೆಗೂ ನಾಚಿಕೆ ಏರಿತ್ತು. “ಶುರು ಮಾಡೋ ಮುಂಚೆ ನಿಮ್ಮನ್ನ ಕರೀಬೇಕಲ್ಲ. ಅದಕ್ಕೆ.”

“ಒಂದು ಮಾತು ಹೇಳೋಕೆ ಇಷ್ಟು ಪೆಟ್ರೋಲ್ ಸುಟ್ರಾ?”

“ಹೇಳಿದ್ಮೇಲೆ ನೀವು ಬೇಡ ಅಂದಿದ್ರೆ? ಇರೋದೂ ಹೋಗ್ತಿತ್ತು.”

ನಾನು ಪಟ್ಟ ಭಯವನ್ನೇ ಅವನೂ ಪಟ್ಟಿದ್ದ. ಪಾಪ ಅನ್ನಿಸಿತು, ಖುಷಿಯೂ ಆಯಿತು, ಬೆನ್ನಿಗೊಂದು ಗುದ್ದಬೇಕೆಂದೂ ಅನ್ನಿಸಿತು.

“ಕರೆಂಟ್ ಇದ್ದಾಗ್ಲೂ ಕರೀರಿ,” ಎಂದೆ. “ಬರ್ತೀನಿ.”

ಮರುದಿನ ಡುಗ್ಬೆ ಮಾರುಕಟ್ಟೆಗೆ ಅಮ್ಮ, ಅಡಿಸ, ನಾನು ಮೂವರೂ ಹೋದೆವು. ಅಡಿಸ ಇದ್ದಕ್ಕಿದ್ದಂತೆ ಸೋಲಾರಿನ ಭಕ್ತನಾಗಿದ್ದ. ಅಂಗಡಿಯವನು ಏನೇನು ಓಡಿಸಬೇಕೆಂದು ವಿಚಾರಿಸಿ, ಬ್ಯಾಟರಿಯ ಅಳತೆ ನೋಡಲು, “ಮನೇಲಿ ಎಷ್ಟು ಜನ?” ಎಂದ.

“ಇಬ್ಬರು,” ಎಂದೆ ನಾನು.

ಅಮ್ಮ ಪ್ಯಾನೆಲ್ಲಿನ ಮೇಲೆ ಬೆರಳಾಡಿಸುತ್ತಿದ್ದವಳು ತಿರುಗಿಯೂ ನೋಡಲಿಲ್ಲ. “ಮೂವರು ಅಂತ ಬರ್ಕೊಳಪ್ಪಾ. ಈಗ ಸಣ್ಣದು ಹಾಕಿಸಿ ಆಮೇಲೆ ಬದಲಾಯಿಸೋರು ಯಾರು?”

ಅಂಗಡಿಯವನು ಬಾಯಿ ತೆರೆಯುವ ಮೊದಲೇ ಅಡಿಸ, “ಸರಿ ಅಮ್ಮ,” ಎಂದ.