ನನ್ನನ್ನೇ ಕೇಳಬಹುದಿತ್ತಲ್ಲಾ...!

“ಎಡಗಾಲು ಕೆಳಗಿಡಿ ಮೇಡಂ... ಹೆದರ್ಬೇಡಿ. ಇನ್ನು ನಾಲ್ಕೇ ಮೆಟ್ಲು!”

ಕಬ್ಬಿಣದ ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ ರಜನಿ ಅಲ್ಲೇ ನಿಂತುಬಿಟ್ಟಳು.

ಕನ್ನಡ! ಅದೂ ಶ್ರೀನಿವಾಸಪುರದ ಕಡೆಯ ಕನ್ನಡ... ತೆಲುಗಿನ ಹಾಗೆ ಕೊನೆಯಲ್ಲಿ ಸ್ವಲ್ಪ ಎಳೆಯುವ ಮಾತು!

ಆರ್ಮೇನಿಯಾ ದೇಶದ ಖೋರ್ ವಿರಾಪ್ ಎಂಬ ಪುರಾತನ ಕ್ರೈಸ್ತ ಮಠ ಅದು. ಅದರ ನೆಲದಡಿಯ ಗುಂಡಿಯಲ್ಲಿ ಸಂತರೊಬ್ಬರನ್ನು ಹದಿಮೂರು ವರ್ಷ ಸೆರೆಯಿಟ್ಟಿದ್ದರಂತೆ. ಗೈಡ್ ಅನಾಹಿತ್ ಆ ಕಥೆ ಹೇಳಿದ ಮೇಲೆ ರಜನಿಗೆ ಇಳಿದು ನೋಡದೆ ಇರಲಾಗಲಿಲ್ಲ. ಆದರೆ ಆ ಕತ್ತಲೊಳಗಿಂದ ಊರಿನ ಮಾತು ಕೇಳಿಬರುತ್ತದೆಂದು ಯಾರಿಗೆ ಗೊತ್ತಿತ್ತು?

ಕಾಲು ನೆಲ ಮುಟ್ಟಿತು. ತಿರುಗಿದಳು. ಯಾರದೋ ಮೊಬೈಲ್ ಟಾರ್ಚ್ ಬೆಳಕು ಆ ಮುಖದ ಮೇಲೆ ಬಿತ್ತು.



‘ಗಂಗಾಧರ್...!’

ಅವನೂ ಗುರುತಿಸಿದ್ದ. ತುಟಿಯ ಮೇಲಿದ್ದ ನಗು ಹಾಗೇ ಆರಿಹೋಯಿತು.

“ನೀವು... ರಜನಿ ಅಲ್ವಾ?”

ಇಳಿಯುವಾಗ ಹೆದರಿಸಿದ್ದ ಅದೇ ಏಣಿಯನ್ನು ಅವಳು ಸರಸರನೆ ಹತ್ತಿ ಮೇಲೆ ಬಂದುಬಿಟ್ಟಳು!

ಹೊರಗೆ ಬಿಸಿಲು. ಎದುರಿಗೆ ಹಿಮ ಹೊದ್ದ ಅರಾರತ್ ಪರ್ವತ. ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಿದ್ದರೆ ರಜನಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ.

ಎರಡು ವರ್ಷ... ಎರಡು ವರ್ಷದ ಹಿಂದೆ ಕ್ಯಾಲನೂರಿನ ನೆಂಟರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆದಿತ್ತು. ಹಿರಿಯರು ಒಳಗೆ ಮಾತಾಡುತ್ತಿದ್ದಾಗ ಇವರಿಬ್ಬರು ಮನೆಯ ಹಿಂದೆ ಅರ್ಧ ಗಂಟೆ ನಿಂತು ಮಾತಾಡಿದ್ದರು.

“ನನ್ನ ಕೆಲಸ ವೈನ್ ಕಂಪನೀಲಿ. ದ್ರಾಕ್ಷಿ, ವೈನು, ಅಷ್ಟೇ ನನ್ನ ಲೋಕ. ನಿಮಗೆ ಬೇಜಾರಾದ್ರೆ ಈಗ್ಲೇ ಹೇಳ್ಬಿಡಿ,” ಅಂದಿದ್ದ ಅವನು.

“ನಾನು ಮಾಲೂರು ಫ್ಯಾಕ್ಟರೀಲಿ ದಿನಾ ಸಾವಿರ ನಟ್ಟು ಬೋಲ್ಟು ಪರೀಕ್ಷೆ ಮಾಡ್ತೀನಿ. ನಿಮಗೆ ಬೇಜಾರಾ?” ಅಂದಿದ್ದಳು ಇವಳು.

ಇಬ್ಬರೂ ನಕ್ಕಿದ್ದರು. ಆ ನಗುವಿನಲ್ಲೇ ಅವಳ ಮನಸ್ಸು ಅವನದಾಗಿಹೋಗಿತ್ತು.

ಒಂದು ವಾರಕ್ಕೆ ಸುದ್ದಿ ಬಂತು. ‘ಹುಡುಗನ ಕಡೆಯೋರಿಗೆ ಬೇರೆ ಕಡೆ ಸಂಬಂಧ ಕೂಡಿ ಬಂತಂತೆ.’ ಒಂದು ಮಾತು, ಒಂದು ಕಾರಣ... ಏನೂ ಇಲ್ಲ!

ಅಂದಿನಿಂದ ಬಂದ ಗಂಡುಗಳನ್ನೆಲ್ಲ ಅವಳು ಬೇಡ ಅನ್ನುತ್ತಲೇ ಬಂದಿದ್ದಳು. ಯಾಕೆಂದು ಯಾರಿಗೂ ಹೇಳಿರಲಿಲ್ಲ.

“ಯಾಕೇ, ಮುಖ ಹಿಂಗಾಗಿದೆ?” ದೊಡ್ಡಮ್ಮ ಶಾಮಲಮ್ಮ ಹತ್ತಿರ ಬಂದರು.

ತಾಯಲೂರಿನಲ್ಲಿ ತಾಯಿ ತೀರಿಕೊಂಡಾಗ ರಜನಿಗೆ ಆರು ವರ್ಷ. ಆಗಿನಿಂದ ಅವಳನ್ನು ಮುಳಬಾಗಿಲಿನ ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿದವರು ಈ ದೊಡ್ಡಮ್ಮ. ಸ್ಕೂಲ್ ಟೀಚರ್ ಆಗಿ ನಿವೃತ್ತರಾದವರು. ಕೋಲಾರದ ಕಡೆಯ ನಿವೃತ್ತ ಶಿಕ್ಷಕರ ತಂಡ ಪ್ರವಾಸ ಹೊರಟಾಗ, “ಜೊತೆಗೆ ನೀನೂ ಬಾರೇ,” ಎಂದು ಹಟ ಹಿಡಿದು ಕರೆತಂದಿದ್ದರು.

ರಜನಿ ಬಾಯಿ ತೆರೆಯುವಷ್ಟರಲ್ಲಿ ಅನಾಹಿತ್ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದಳು. ಅವಳ ಪಕ್ಕದಲ್ಲಿ ಗಂಗಾಧರ್!

“ನಮಸ್ಕಾರ. ನಾನು ಶ್ರೀನಿವಾಸಪುರದೋನು,” ಅಂದ. “ದ್ರಾಕ್ಷಿ ಸುಗ್ಗಿ ಕೆಲಸ ಕಲಿಯೋಕೆ ಅಂತ ನಮ್ಮ ಕಂಪನಿ ಆರು ತಿಂಗಳು ಇಲ್ಲಿಗೆ ಕಳ್ಸಿದೆ. ಮುಂದಿನ ಊರು ಅರೆನಿ, ಅಲ್ಲೇ ನನ್ನ ಕೆಲಸ. ಕನ್ನಡದೋರು ಬರ್ತಿದಾರೆ ಅಂತ ಅನಾಹಿತ್ ಅಂದಿದ್ದಕ್ಕೆ ಓಡಿಬಂದೆ.”

ಮೇಷ್ಟ್ರುಗಳೆಲ್ಲ ಖುಷಿಯಿಂದ ಅವನನ್ನು ಮುತ್ತಿಕೊಂಡರು. ಶಾಮಲಮ್ಮ ಮಾತ್ರ ಒಂದು ಹೆಜ್ಜೆ ಹಿಂದೆ ಸರಿದರು. ಅವರ ಮುಖ ಬಿಳಿಚಿಕೊಂಡದ್ದನ್ನು ರಜನಿ ನೋಡಲಿಲ್ಲ.

*

ಅರೆನಿ ತಲುಪಿದಾಗ ಮಧ್ಯಾಹ್ನ. ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ. ಕಪ್ಪು ಗೊಂಚಲುಗಳನ್ನು ಕೊಯ್ದು ಟ್ರೇಗಳಿಗೆ ತುಂಬುತ್ತಿದ್ದ ಹೆಂಗಸರು ಇವರನ್ನು ಕಂಡು ಕೈ ಬೀಸಿದರು. ಒಬ್ಬಾಕೆಯಂತೂ ಶಾಮಲಮ್ಮನ ಸೆರಗು ಮುಟ್ಟಿ ನೋಡಿ, ಒಂದು ಗೊಂಚಲನ್ನು ಮಡಿಲಿಗೇ ಹಾಕಿದಳು!

ವೈನ್ ಮನೆಯೊಳಗೆ ತಂಪು. ಮರದ ಪೀಪಾಯಿಗಳ ಸಾಲು. ಗಂಗಾಧರ್ ಗ್ಲಾಸನ್ನು ತಿರುಗಿಸಿ, ಮೂಸಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು... ಪಕ್ಕದ ಬಕೆಟ್ಟಿಗೆ ಉಗುಳಿದ.

“ಅಯ್ಯೋ! ಉಗುಳ್ಬಿಟ್ರಲ್ಲ ಸಾರ್!” ಮೇಷ್ಟ್ರೊಬ್ಬರು ಸಂಕಟಪಟ್ಟರು.

“ದಿನಕ್ಕೆ ನಲವತ್ತು ಬಗೆ ರುಚಿ ನೋಡ್ಬೇಕು ಸಾರ್. ನುಂಗಿದ್ರೆ ಸಂಜೆಗೆ ನನ್ನನ್ನ ಹೊತ್ಕೊಂಡು ಹೋಗ್ಬೇಕಾಗುತ್ತೆ!”

ಎಲ್ಲರೂ ನಕ್ಕರು. ಶಾಮಲಮ್ಮ ನಗಲಿಲ್ಲ. ಅವರು ಆ ಬಕೆಟ್ಟನ್ನೇ ನೋಡುತ್ತಿದ್ದರು.

ಗ್ಲಾಸುಗಳ ತಟ್ಟೆ ರಜನಿಯ ಮುಂದೆ ಬಂತು.

“ಬೇಡ,” ಅಂದಳು.

“ಗೊತ್ತು.” ಅವನ ದನಿ ತಗ್ಗಿತು. “ನಿಮಗೆ ಈ ಕೆಲಸ ಮಾಡೋರನ್ನ ಕಂಡ್ರೇನೇ ಆಗಲ್ಲ ಅಂತ ಗೊತ್ತು. ತಪ್ಪು ತಿಳ್ಕೋಬೇಡಿ, ಎಲ್ಲರಿಗೂ ಕೊಡೋ ಹಾಗೆ ಕೊಟ್ಟೆ.”

ರಜನಿಗೆ ಅರ್ಥವಾಗಲಿಲ್ಲ. “ಏನಂದ್ರಿ?”

“ಬಿಡಿ. ಹಳೇ ವಿಷ್ಯ.”

“ಹೇಳ್ರೀ! ಬೇರೆ ಸಂಬಂಧ ಸಿಕ್ತು ಅಂತ ಮುಖ ತಿರುಗಿಸ್ಕೊಂಡು ಹೋದೋರು ನೀವು. ಈಗ ನನ್ನ ಮೇಲೇ ಹೇಳ್ತೀರಾ?”

“ಬೇರೆ ಸಂಬಂಧಾನಾ?” ಅವನು ತಟ್ಟೆಯನ್ನು ಪೀಪಾಯಿಯ ಮೇಲಿಟ್ಟ. “ನನಗಾ? ಮಾತುಕತೆಗೆ ನಿಂತಿದ್ದ ಚನ್ನರಾಯಪ್ಪನೋರು ಮನೆಗೆ ಬಂದು ಹೇಳಿದ್ರು... ಕುಡುಕರಿಗೆ ಹೆಂಡ ಮಾಡಿಕೊಡೋನು ನನಗೆ ಬೇಡ ಅಂತ ಹುಡುಗಿ ಅತ್ಲಂತೆ, ಅಂತ!”

“ನಾನು ಹಂಗೆ ಯಾವತ್ತೂ ಅಂದಿಲ್ಲ!”

“ಹಂಗಾದ್ರೆ... ನೀವು ಒಪ್ಪಿದ್ರಾ?”

ರಜನಿಯ ತಲೆ ತುಂಬ ಒಂದೇ ಪ್ರಶ್ನೆ. ‘ಚನ್ನರಾಯಪ್ಪ ಮಾವನಿಗೆ ಈ ಸುಳ್ಳು ಯಾಕೆ ಬೇಕಿತ್ತು? ಅವರಿಗೆ ಯಾರು ಹೇಳಿರಬಹುದು...?’

ಅವಳ ಕಣ್ಣು ತಾನಾಗಿಯೇ ದೊಡ್ಡಮ್ಮನ ಕಡೆ ಹೊರಳಿತು.

ಶಾಮಲಮ್ಮ ಮಡಿಲಲ್ಲಿದ್ದ ದ್ರಾಕ್ಷಿಯನ್ನು ಮೇಜಿನ ಮೇಲಿಟ್ಟು, ಯಾರಿಗೂ ಹೇಳದೆ ಎದ್ದು ಬಸ್ಸಿನ ಕಡೆ ನಡೆದುಬಿಟ್ಟರು.

*

ಮುಂದೆ ನೋಡಬೇಕಿದ್ದ ನೊರವಾಂಕ್ ಮಠದ ದಾರಿ ಕೆಂಪು ಬಂಡೆಗಳ ಕಣಿವೆಯೊಳಗೆ ಸಾಗುತ್ತದೆ. ಅರೆನಿಯಿಂದ ಹತ್ತು ನಿಮಿಷದ ದಾರಿ. ಮೇಷ್ಟ್ರುಗಳ ಒತ್ತಾಯಕ್ಕೆ ಜೊತೆಗೆ ಬಂದಿದ್ದ ಗಂಗಾಧರ್ ಕೊನೆಯ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತಿದ್ದ.

ಇಳಿದವರೆಲ್ಲ ಅನಾಹಿತಳ ಹಿಂದೆ ಹೋದರು. ಶಾಮಲಮ್ಮ ಗೋಡೆಯ ನೆರಳಲ್ಲಿ ಕುಳಿತರು.

“ದೊಡ್ಡಮ್ಮಾ...”

“ನಾನೇ ಕಣೇ.” ಕೇಳುವ ಮೊದಲೇ ಅವರು ಹೇಳಿಬಿಟ್ಟರು. “ನಾನೇ ಚನ್ನರಾಯಪ್ಪನಿಗೆ ಫೋನ್ ಮಾಡಿ ಹಂಗೆ ಹೇಳ್ಸಿದ್ದು. ಬೇರೆ ಸಂಬಂಧ ಕೂಡಿ ಬಂತು ಅಂತ ನಿನಗೆ ಹೇಳಿದ್ದೂ ನಾನೇ.”

ರಜನಿ ಪಕ್ಕದಲ್ಲೇ ಕುಳಿತಳು.

“ನಿಮ್ಮ ದೊಡ್ಡಪ್ಪ ಕುಡಿದು ಕುಡಿದೇ ಹೋದ್ರು. ಹದಿನೆಂಟು ವರ್ಷ... ಸಂಜೆ ಅವರ ಚಪ್ಪಲಿ ಸದ್ದಾದ್ರೆ ಸಾಕು, ನನ್ನ ಎದೆ ಹೊಡ್ಕೊಳ್ತಿತ್ತು. ನೀನು ಮಂಚದ ಕೆಳಗೆ ಹೋಗಿ ಮಲಗ್ತಿದ್ದೆ, ನೆನಪಿದ್ಯಾ? ಹುಡುಗ ಹಣ್ಣಿನ ಕಂಪನೀಲಿದಾನೆ ಅಂತ ತಿಳ್ಕೊಂಡಿದ್ದೆ. ವೈನು ಅಂತ ಗೊತ್ತಾದಾಗ ನನ್ನ ಕೈಕಾಲೇ ಆಡ್ಲಿಲ್ಲ. ನನ್ನ ಪಾಡು ನಿನಗೆ ಬೇಡ ಅನ್ನಿಸ್ತು ಕಣೇ...”

“ನನ್ನನ್ನೇ ಕೇಳಬಹುದಿತ್ತಲ್ಲಾ ದೊಡ್ಡಮ್ಮಾ!” ರಜನಿ ಕೂಗಿಯೇಬಿಟ್ಟಳು. “ನಂಗೆ ಗೊತ್ತಿತ್ತು! ಅವತ್ತೇ ಎಲ್ಲಾ ಹೇಳಿದ್ರು ಅವರು. ನನ್ನಲ್ಲೇನು ಕೊರತೆ ಅಂತ ಎರಡು ವರ್ಷ ಕನ್ನಡಿ ಮುಂದೆ ನಿಂತು ಅತ್ತಿದೀನಿ... ನಿಂಗೆ ಕಾಣಿಸ್ಲಿಲ್ವಾ?”

“ಕಾಣಿಸ್ತು. ದಿನಾ ಕಾಣಿಸ್ತು. ಹೇಳೋಕೆ ಬಾಯಿ ಬರ್ಲಿಲ್ಲ.” ಶಾಮಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಸ್ವಲ್ಪ ದೂರದಲ್ಲಿ ಗಂಗಾಧರ್ ನಿಂತಿದ್ದ. ಹತ್ತಿರ ಬರಲೋ ಬೇಡವೋ ಎಂಬಂತೆ. ರಜನಿ ಅವನ ಕಡೆಗೂ ತಿರುಗಿದಳು.

“ನೀವೂ ಅಷ್ಟೇ! ಯಾರೋ ಬಂದು ಏನೋ ಹೇಳಿದ್ರೆ ನಂಬ್ಬಿಡೋದಾ? ಮಾಲೂರಿಗೆ ಬಂದು ಫ್ಯಾಕ್ಟರಿ ಗೇಟ್ ಹತ್ರ ನಿಂತು ಒಂದ್ಸಲ ಕೇಳೋಕಾಗ್ಲಿಲ್ವಾ?”

“ಬಂದಿದ್ದೆ,” ಅಂದ ಅವನು ಮೆಲ್ಲಗೆ.

“...ಏನು?”

“ಎರಡು ಸಲ ಮಾಲೂರು ಸ್ಟೇಷನ್‌ವರೆಗೂ ಬಂದೆ. ಬೇಡ ಅಂದೋರ ಹಿಂದೆ ಬೀಳೋದು ಗಂಡಸ್ತನ ಅಲ್ಲ ಅನ್ನಿಸಿ ಮುಂದಿನ ಟ್ರೈನ್ ಹಿಡ್ಕೊಂಡು ವಾಪಸ್ ಹೋದೆ. ತಪ್ಪಾಯ್ತು. ಇನ್ನೂ ಹತ್ತು ಹೆಜ್ಜೆ ನಡೀಬೇಕಿತ್ತು.”

ರಜನಿಯ ಕೋಪ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಕಣ್ಣೀರು ಮಾತ್ರ ಇಳಿಯುತ್ತಿತ್ತು.

ಶಾಮಲಮ್ಮ ಮುಖ ಒರೆಸಿಕೊಂಡರು. ಮೂವತ್ತು ವರ್ಷ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದ ದನಿ ಮತ್ತೆ ಬಂತು.

“ಬಾಪ್ಪಾ ಇಲ್ಲಿ. ನೀನು ಕುಡೀತೀಯಾ?”

ಗಂಗಾಧರ್ ಅವರೆದುರು ನೆಲದ ಮೇಲೇ ಕುಳಿತ. “ಸುಳ್ಳು ಹೇಳಲ್ಲಮ್ಮ. ಕೆಲಸದಲ್ಲಿ ಉಗೀತೀನಿ. ಇಲ್ಲಿಯೋರ ಹಬ್ಬದಲ್ಲಿ ಎರಡು ಸಲ ಅರ್ಧ ಗ್ಲಾಸ್ ಕುಡಿದಿದೀನಿ. ಅದಕ್ಕಿಂತ ಜಾಸ್ತಿ ಇಲ್ಲ.”

“ಒಂದೂ ಕುಡಿಯಲ್ಲ ಅಂತ ಹೇಳಿದ್ದಿದ್ರೆ ನಾನು ನಂಬ್ತಿರ್ಲಿಲ್ಲ.” ಅವರು ಬಹಳ ಹೊತ್ತು ಅವನ ಮುಖ ನೋಡಿದರು. “ಇವಳ ದೊಡ್ಡಪ್ಪ ಒಂದು ದಿನವಾದ್ರೂ ಹಿಂಗೆ ನಿಜ ಹೇಳಿದ್ದಿದ್ರೆ...”

ಎದ್ದು, ಅವನ ತಲೆಯ ಮೇಲೊಮ್ಮೆ ಕೈಯಿಟ್ಟರು. “ನನ್ನದು ತಪ್ಪಾಯ್ತಪ್ಪ. ಇನ್ನು ನಿಮ್ಮಿಬ್ಬರ ಮಧ್ಯೆ ನಾನು ಮಾತಾಡಲ್ಲ.”

ಹಾಗಂದು ಮಠದ ಬಾಗಿಲ ಕಡೆ ಹೊರಟರು. ನಾಲ್ಕು ಹೆಜ್ಜೆ ಹೋಗಿ ನಿಂತದ್ದು ಕಂಡು ರಜನಿಯೇ ಓಡಿಹೋಗಿ ಅವರ ತೋಳು ಹಿಡಿದುಕೊಂಡಳು. ಕೋಪ ಪೂರ್ತಿ ಇಳಿದಿರಲಿಲ್ಲ, ಆದರೆ ಆ ಕಲ್ಲು ನೆಲದ ಮೇಲೆ ದೊಡ್ಡಮ್ಮ ಒಬ್ಬರೇ ನಡೆಯುವುದನ್ನು ಅವಳಿಗೆ ನೋಡಲಾಗಲಿಲ್ಲ.

*

ವಾಪಸ್ ಬರುವಾಗ ಬಸ್ಸು ಅರೆನಿಯಲ್ಲಿ ನಿಂತಿತು. ಗಂಗಾಧರ್ ಇಳಿಯಬೇಕು. ಸಂಜೆಯ ಬಿಸಿಲು ತೋಟದ ಮೇಲೆ ಹಳದಿಯಾಗಿ ಬಿದ್ದಿತ್ತು.

ಅವನ ಹಿಂದೆಯೇ ಬಾಗಿಲವರೆಗೂ ಬಂದ ರಜನಿ ಕೈ ಚಾಚಿದಳು. “ಫೋನ್ ಕೊಡಿ.”

ಕೊಟ್ಟ. ತನ್ನ ನಂಬರ್ ಒತ್ತಿ ಅವನ ಕೈಗಿಟ್ಟಳು.

“ಇನ್ಮೇಲೆ ಏನೇ ಇದ್ರೂ ನನ್ನನ್ನೇ ಕೇಳಿ.”

ಬಸ್ಸು ಹೊರಟಿತು. ಅವಳು ಸೀಟಿಗೆ ಬಂದು ಕೂರುವುದರೊಳಗೆ ಫೋನ್ ರಿಂಗಾಯಿತು!

“ಏನ್ರೀ... ಇನ್ನೂ ತಿರುವು ದಾಟಿಲ್ಲ!”

“ನಿಮ್ಮನ್ನೇ ಕೇಳಿ ಅಂದ್ರಲ್ಲ.” ಅವನು ಏದುಸಿರು ಬಿಡುತ್ತಿದ್ದ. “ಕೇಳ್ತಿದೀನಿ. ನನ್ನ ಮದುವೆ ಆಗ್ತೀರಾ?”

ಮುಖ ಕೆಂಪಾಯಿತು. ಕಿಟಕಿಯ ಕಡೆ ತಿರುಗಿ ಪಿಸುಗುಟ್ಟಿದಳು.

“ಕೇಳಿಸ್ಲಿಲ್ಲ ರಜನಿ...”

“ಆಗ್ತೀನಿ ಅಂದೆ!”

ಇಡೀ ಬಸ್ಸು ತಿರುಗಿ ನೋಡಿತು. ಪಕ್ಕದಲ್ಲಿ ಶಾಮಲಮ್ಮ ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಕುಳಿತಿದ್ದರು. ತುಟಿಯಲ್ಲಿ ಮಾತ್ರ ನಗು.

ರಜನಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

“ಇದೀರಾ?”

“ಇದೀನಿ... ಇಡ್ಲಾ ಫೋನು?”

“ಬೇಡ. ನಾವು ಉಳ್ಕೊಂಡಿರೋ ಯೆರೆವಾನ್ ಊರು ಬರೋವರೆಗೂ ಮಾತಾಡಿ.”

“ಏನ್ ಮಾತಾಡ್ಲಿ?”

“ಮಾಲೂರು ಸ್ಟೇಷನ್‌ನಲ್ಲಿ ಇಳಿದ್ರಲ್ಲ...” ರಜನಿ ಕಿಟಕಿಗೆ ತಲೆಯಾನಿಸಿದಳು. “ಮೊದಲ್ನೇ ಸಲ ಯಾವ ಬಣ್ಣದ ಶರ್ಟ್ ಹಾಕಿದ್ರಿ? ಅಲ್ಲಿಂದ ಶುರು ಮಾಡಿ.”