ಬರೆದವರು ನನಗೆ ಹತ್ತಿರದವರು

“ನಾನು ನಿಮಗೆ ಯಾವ ಸೀಮೆ ಹತ್ತಿರದವನು, ಲಲ್ಲಾ ವಿದಾದ್?”

ಗೌರವದ ‘ಲಲ್ಲಾ’ವನ್ನು ಬಿಡದೆಯೇ ಕೇಳಿ, ಲುತ್ಫಿ ಮೊಬೈಲನ್ನು ಚಹಾದ ಲೋಟದ ಪಕ್ಕ ಇಟ್ಟ. ಕುಕ್ಕಲಿಲ್ಲ, ಸಿಟ್ಟು ಬಂದಾಗಲೂ ವಸ್ತುಗಳನ್ನು ಮೆಲ್ಲಗೆ ಇಡುವ ಮನುಷ್ಯ. ವಿದಾದಳಿಗೆ ಮೊದಲು ಇಷ್ಟವಾಗಿದ್ದೇ ಆ ಕೈ. ಈಗ ಅದನ್ನು ನೋಡುವ ಧೈರ್ಯ ಸಾಲದೆ, ಚಹಾದಲ್ಲಿ ತೇಲುತ್ತಿದ್ದ ಪೈನ್ ಬೀಜಗಳನ್ನು ನೋಡುತ್ತ ಕುಳಿತಳು.

ಕಡಲ ದಡದ ಮಹ್ದಿಯಾ ಊರಿನ ಜನ ಸೇರಿ ಬರೆಯುವ ಬ್ಲಾಗಿಗೆ ‘ತಾರಸಿ’ ಎಂದು ಹೆಸರು. ಯಾರು ಬೇಕಾದರೂ ಬರೆಯಬಹುದು. ಮುಖಪುಟಕ್ಕೆ ಏರುವುದು ಮಾತ್ರ ವಾರಕ್ಕೊಂದೇ ಬರಹ. ಮೂವರು ಸಂಪಾದಕರಲ್ಲಿ ಇಬ್ಬರು ಒಪ್ಪಬೇಕು. ತಮಗೆ ಬೇಕಾದವರ ಬರಹ ಬಂದರೆ ಸಂಪಾದಕರು ಪಕ್ಕಕ್ಕೆ ಸರಿಯಬೇಕು, ಕಾರಣವನ್ನು ಬರಹದ ಕೆಳಗೆ ಎಲ್ಲರಿಗೂ ಕಾಣುವಂತೆ ಹಾಕಬೇಕು. ಭಾವಮೈದುನರ ಪದ್ಯಗಳು ಮುಖಪುಟದಲ್ಲಿ ಮೆರೆದು ಮೆರೆದು ಓದುಗರು ರೋಸಿಹೋದ ಮೇಲೆ, ಈ ನಿಯಮವನ್ನು ಹಟ ಹಿಡಿದು ತಂದವಳು ವಿದಾದಳೇ.

ಲುತ್ಫಿ ತನ್ನ ತಾಯಿಯ ಬಗ್ಗೆ ಬರೆದಿದ್ದ. ಝೊಹ್ರಾ ಜೀವಮಾನವಿಡೀ ಬೂತಾಯಿ ಮೀನಿನ ಕಾರ್ಖಾನೆಯಲ್ಲಿ ದುಡಿದವಳು. ನಾಳೆ ಅವಳು ತೀರಿಕೊಂಡ ನಲವತ್ತನೆಯ ದಿನ. ಮನೆಗೆ ಬರುವ ಬಂಧುಗಳಿಗೆ ಅಮ್ಮನ ಹೆಸರನ್ನು ಮುಖಪುಟದಲ್ಲಿ ತೋರಿಸಬೇಕೆಂಬುದು ಅವನ ಒಂದೇ ಆಸೆ. ಒಬ್ಬ ಸಂಪಾದಕ ಹೌದೆಂದ, ಇನ್ನೊಬ್ಬ ಬೇಡವೆಂದ. ಮೂರನೆಯ ಸಂಪಾದಕಿ ವಿದಾದ್ ‘ಬರೆದವರು ನನಗೆ ಹತ್ತಿರದವರು’ ಎಂದು ಒಂದು ಸಾಲು ಹಾಕಿ ಸರಿದುಬಿಟ್ಟಳು. ಮುಖಪುಟಕ್ಕೆ ಏರಿದ್ದು ಕೂಸ್‌ಕೂಸ್ ರವೆ ಮುದ್ದೆಯಾಗದಂತೆ ಬೇಯಿಸುವ ಉಪಾಯ.

“ನಾನು ವಶೀಲಿ ಹಚ್ಚಿದೆ ಅಂತ ಊರೆಲ್ಲ ನಗ್ತಿದೆ. ಚೆನ್ನಾಗಿಲ್ಲ ಅಂದಿದ್ರೆ ಸುಮ್ನಿರ್ತಿದ್ದೆ. ಸುಳ್ಳು ಯಾಕೆ ಬರೆದ್ರಿ?”

“ಈ ವರ್ಷ ಅಷ್ಟು ಒಳ್ಳೇದು ಇನ್ನೊಂದು ಬಂದಿಲ್ಲ ಅನ್ಸುತ್ತೆ ನನಗೆ. ಆದ್ರೆ ನನ್ನ ಮಾತು ನಂಬೋ ಹಾಗಿಲ್ಲ.”

“ಯಾಕೆ? ನಾವೇನು ನೆಂಟರಾ? ಒಂದು ಬೀದಿಯವರೂ ಅಲ್ಲ.”

“ಅದು ಸುಳ್ಳಲ್ಲ, ಲುತ್ಫಿ.” ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. “ಓದೋವಾಗ ಬರಹ ಯಾವ್ದು, ನಿಮ್ಮ ದನಿ ಯಾವ್ದು ಗೊತ್ತಾಗ್ಲೇ ಇಲ್ಲ. ಅಂಥವಳು ತೀರ್ಪು ಕೊಟ್ರೆ ಮೋಸ ಆಗುತ್ತೆ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಹುಬ್ಬು ಸಡಿಲವಾಯಿತು, ಆಮೇಲೆ ಕಿವಿ ಕೆಂಪಾಯಿತು. ಮೊಬೈಲ್ ಎತ್ತಿಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದ.

“ಊರಿಗೆಲ್ಲ ಮೊದಲು ಹೇಳಿ, ನನಗೆ ಕೊನೇಲಿ ಹೇಳ್ತಿದ್ದೀರಾ?”

ನಗು ಬರಬೇಕಿತ್ತು, ಅವಳಿಗೆ ಅಳು ಬಂತು. “ನಾನೊಬ್ಬಳು ಕೈ ಎತ್ತಿದ್ರೆ ಸಾಕಿತ್ತು. ನಿಮ್ಮಮ್ಮನಿಗೆ ಅನ್ಯಾಯ ಮಾಡ್ಬಿಟ್ಟೆ.”

ಲುತ್ಫಿ ಕಿಟಕಿಯಾಚೆಯ ದೋಣಿಗಳ ಕಡೆ ತಿರುಗಿದ.

“ಅಮ್ಮ ಕಾರ್ಖಾನೇಲಿ ಒಳ್ಳೇದು ಕೆಟ್ಟದ್ದು ನೋಡಿ ಮೀನು ಆರಿಸೋಳು. ನಮ್ಮ ಸೋದರಮಾವನ ದೋಣಿಯ ಬುಟ್ಟಿ ಬಂದ್ರೆ ಪಕ್ಕದವಳ ಕಡೆ ತಳ್ತಿದ್ದಳು, ‘ನೀನೇ ನೋಡಮ್ಮ’ ಅಂತ. ಅದನ್ನೇ ಬರೆಯೋಕೆ ಮರೆತೆ ನೋಡು.” ಅವನ ಕಣ್ಣು ತುಂಬಿತ್ತು. “ಮುಖಪುಟ ಬೇಡ. ನಾಳೆ ನೀನೇ ಬಾ. ಎಲ್ಲರ ಮುಂದೆ ಓದು.”

‘ನೀವು’ ಯಾವಾಗ ಜಾರಿತೋ ಇಬ್ಬರಿಗೂ ತಿಳಿಯಲಿಲ್ಲ.

“ನಾನು ನಿನಗೆ ಯಾರು ಅಂತ ನಿಮ್ಮವರು ಕೇಳಿದ್ರೆ?”

“ಬರೆದಿದ್ದೀಯಲ್ಲ,” ಎಂದ ಲುತ್ಫಿ. “ಅದನ್ನೇ ಹೇಳು.”